ಬಿಡುವಿನ ವೇಳೆ: ಹವಳಕ್ಕೆ ಉಪ್ಪು ಹೆಚ್ಚಾದದ್ದು

ಕಳೆದ ಸಂಚಿಕೆಯಲ್ಲಿ ಬಾಲ್ಕನಿಯ ಬಸಳೆಯ ವಿಚಾರ ಬರೆದ ಮೇಲೆ, ಸಂಘದ ವಾಚನಾಲಯದಲ್ಲಿ ಸಿಕ್ಕಿದ ವಾಚಕರೊಬ್ಬರು, "ಮಣ್ಣಿನದಾಯಿತು, ಮುಂದಿನ ಸಲ ನೀರಿನಲ್ಲಿ ಬೆಳೆಯುವುದೇನನ್ನಾದರೂ ಬರೆಯಿರಿ" ಎಂದರು. ಅವರ ಮನಸ್ಸಿನಲ್ಲಿದ್ದುದು ತಾವರೆಯೋ ಏನೋ. ನಮ್ಮಲ್ಲಿ ತಾವರೆಯಿಲ್ಲ, ಹವಳವಿದೆ. ಕೊರಳಿಗೆ ಹಾಕುವ ಹವಳವಲ್ಲ, ಉಸಿರಾಡುವ ಹವಳ. ಅದನ್ನು ನಾವು ಕೈಯಾರೆ ಕೊಲ್ಲುವುದರಲ್ಲಿದ್ದೆವು. ಆ ಪ್ರಸಂಗವನ್ನೇ ಈ ಸಲ ಬರೆಯುತ್ತೇವೆ.

ಎದುರು ಮನೆಯ ರಾಯರು ನಿವೃತ್ತರಾಗಿ 2023ರ ನವೆಂಬರಿನಲ್ಲಿ ಕುಂದಾಪುರದ ಕಡೆಗೆ ಹೊರಟರು. ಮೂವತ್ತೈದು ವರ್ಷದ ಮುಂಬಯಿ ಸಂಸಾರವನ್ನು ಕಟ್ಟುವಾಗ ಕಪಾಟು ಒಬ್ಬರಿಗೆ, ಕಬ್ಬಿಣದ ಮಂಚ ಒಬ್ಬರಿಗೆ ಹೋಯಿತು. ನೂರು ಲೀಟರಿನ ಗಾಜಿನ ತೊಟ್ಟಿ ನಮ್ಮ ಪಾಲಿಗೆ ಬಂತು. ಅದರೊಳಗೆ ಉಪ್ಪುನೀರು, ಎರಡು ಸಣ್ಣ ಮೀನು, ಒಂದಿಷ್ಟು ಕಲ್ಲು, ಮತ್ತು ನಡುವೆ ಚಹದ ಬಸಿಯಷ್ಟು ಅಗಲದ ಒಂದು ಮೆತ್ತನೆಯ ಹವಳ. ಹೆಬ್ಬೆರಳಿನ ತುದಿಯಷ್ಟಿದ್ದ ತುಂಡನ್ನು ತಂದು ಎಂಟು ವರ್ಷ ಸಾಕಿ ರಾಯರು ಅದನ್ನು ಅಷ್ಟು ಮಾಡಿದ್ದರು. ಮಗಳನ್ನು ಧಾರೆಯೆರೆದು ಕೊಡುವಾಗಲೂ ಅವರು ಅಷ್ಟು ಮಾತು ಹೇಳಿರಲಾರರು. ನಾವು ಎಲ್ಲದಕ್ಕೂ ತಲೆಯಾಡಿಸಿದೆವು. ನಮ್ಮ ಶ್ರೀಮತಿಯವರು ಮಾತ್ರ, "ನಲ್ಲಿಯಲ್ಲಿ ನೀರು ಬರುವುದೇ ಎರಡು ಗಂಟೆ, ಮನೆಯೊಳಗೆ ಸಮುದ್ರ ಬೇರೆ" ಎಂದರು. ನಮ್ಮ ಮಗಳು ಅಷ್ಟರಲ್ಲಿ ತೊಟ್ಟಿಗೆ ಮೂಗು ಅಂಟಿಸಿ ಕೂತಾಗಿತ್ತು.

ಈ ಹವಳಕ್ಕೆ ಅಂಗಡಿಯವರು ಚರ್ಮದ ಹವಳವೆನ್ನುತ್ತಾರೆ. ಶಾಸ್ತ್ರಜ್ಞರು ಸಾರ್ಕೊಫೈಟನ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಮಾಂಸದ ಗಿಡ ಎಂದರ್ಥ. ನೋಡುವುದಕ್ಕೆ ದಪ್ಪ ಕಾಲಿನ ಅಣಬೆ. ಆದರೆ ಅದು ಗಿಡವೂ ಅಲ್ಲ, ಅಣಬೆಯೂ ಅಲ್ಲ. ನೂರಾರು ಸಣ್ಣ ಜೀವಿಗಳ ಅವಿಭಕ್ತ ಕುಟುಂಬ. ಅಣಬೆಯ ಕೊಡೆಯ ಮೇಲೆ ಬೆಳಗಾದೊಡನೆ ಸಣ್ಣ ಹೂಗಳು ಏಳುತ್ತವೆ. ಒಂದೊಂದು ಹೂವೂ ಒಂದು ಜೀವ, ಒಂದೊಂದಕ್ಕೂ ಎಂಟೆಂಟು ಎಸಳುಗೈಗಳು. ನಮ್ಮ ಅಜ್ಜಿಯಂದಿರು ಧರಿಸುತ್ತಿದ್ದ ಕೆಂಪು ಹವಳ, ಅದು ಅಸಲಿಯಾಗಿದ್ದಲ್ಲಿ, ಇದೇ ಎಂಟು ಕೈಗಳ ಮನೆತನಕ್ಕೆ ಸೇರಿದ್ದು. ಆಭರಣದ ಹವಳದ ಒಳಗೆ ಗಟ್ಟಿಯಾದ ಕಡ್ಡಿಯಿರುತ್ತದೆ. ಇದರ ಮೈಯಲ್ಲಿ ಸುಣ್ಣದ ಸೂಜಿಯಂಥ ಚೂರುಗಳಷ್ಟೇ. ಊಟದ ಬಹುಭಾಗವನ್ನು ಇದರ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿಯೇ ಬೆಳಕಿನಿಂದ ಬೇಯಿಸಿ ಹಾಕುತ್ತದೆ. ಬಾಡಿಗೆಯನ್ನು ಇಷ್ಟು ನಿಯಮವಾಗಿ ಕೊಡುವವರು ನಮ್ಮ ಚಾಳಿನಲ್ಲಿ ಕಡಮೆ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಿಬಿಡಬೇಕು, ಸರಕಾರಿ ಕಚೇರಿಯ ಅಭ್ಯಾಸ ಬಿಡುವುದಿಲ್ಲ. ಕಲ್ಲಿನ ಗೂಡು ಕಟ್ಟುವ ಹವಳಗಳು, ಕರಿಹವಳ, ಬೀಸಣಿಗೆಯಂತೆ ಹರಡುವ ಹವಳ ಇವೆಲ್ಲ 2001ರಲ್ಲಿ ವನ್ಯಜೀವಿ ಕಾಯಿದೆಯ ಮೊದಲನೆಯ ಪರಿಶಿಷ್ಟಕ್ಕೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಮುಂಬಯಿಯಲ್ಲೇ 2020ರಲ್ಲಿ ಕರಾವಳಿ ರಸ್ತೆ ಮಾಡುವಾಗ ವರಳಿ, ಹಾಜಿ ಅಲಿಗಳ ಬಂಡೆಯ ಮೇಲಿದ್ದ ಹವಳಗಳನ್ನು ಅನುಮತಿ ಪಡೆದು ಬೇರೆಡೆ ಸಾಗಿಸಿ ನೆಡಬೇಕಾಯಿತು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಅಲ್ಲಿಗೆ ಹೋದವರು ಕಣ್ಣು ತುಂಬ ನೋಡಿ ಬರಿಗೈಯಲ್ಲಿ ಬರಬೇಕು. ಮೆತ್ತನೆಯ ಹವಳವನ್ನು ಸಾಕುವ ಆಸೆಯಿದ್ದವರೂ ಸಮುದ್ರದಿಂದ ಕಿತ್ತದ್ದನ್ನು ಕೊಳ್ಳದೆ, ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದದ್ದರ ತುಂಡನ್ನೇ ಕೇಳಿ ಪಡೆಯುವುದು ಮೇಲು.

ಚಳಿಗಾಲವೆಲ್ಲ ಸುಖವಾಗಿ ಕಳೆಯಿತು. ತೊಟ್ಟಿಗೆ ಗಾಜಿನ ಮುಚ್ಚಳವಿತ್ತು, ನೀರು ಅಷ್ಟಾಗಿ ಆರುತ್ತಿರಲಿಲ್ಲ. ಭಾನುವಾರಕ್ಕೊಮ್ಮೆ ಹತ್ತು ಲೀಟರು ಹಳೆಯ ನೀರು ತೆಗೆದು, ಸಮುದ್ರದ ಉಪ್ಪಿನ ಪುಡಿ ಬೆರೆಸಿದ ಹತ್ತು ಲೀಟರು ಹೊಸ ನೀರು ಹಾಕುತ್ತಿದ್ದೆವು. ಪ್ರತಿ ಭಾನುವಾರ ರಾತ್ರಿ ರಾಯರ ಫೋನು ಬರುತ್ತಿತ್ತು. ಮೊದಲ ಪ್ರಶ್ನೆ, "ಹೇಗಿದೆ ನಮ್ಮ ಅಣಬೆ?" ನಮ್ಮ ಆರೋಗ್ಯದ ವಿಚಾರ ಎರಡನೆಯದು.

2024ರ ಏಪ್ರಿಲ್ ಬಂತು. ಮಾರ್ಚಿಯ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಒಂದು ಭಾನುವಾರದ ನೀರು ಬದಲಾಯಿಸುವುದು ತಪ್ಪಿತು. ಕೋಣೆಯ ಸೆಕೆ ಮೂವತ್ತೆರಡು ಡಿಗ್ರಿಗೆ ಏರಿದಾಗ ತೊಟ್ಟಿಯ ನೀರು ಮೂವತ್ತು ಮುಟ್ಟಿತು. ಈ ಹವಳಗಳಿಗೆ ಇಪ್ಪತ್ತೈದರಿಂದ ಇಪ್ಪತ್ತೇಳರವರೆಗೆ ಹಿತ. ನೀರು ತಣಿಸುವ ಯಂತ್ರ ನಮ್ಮ ಸಂಬಳಕ್ಕೆ ಎಟುಕುವುದಲ್ಲ. ರಾಯರು ಕಲಿಸಿದ ಉಪಾಯವಿತ್ತು: ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನು ಬೀಸಿಸುವುದು. ಮಣ್ಣಿನ ಹೂಜಿ ನೀರನ್ನು ತಣಿಸುವ ಲೆಕ್ಕವೇ ಇದೂ. ನೀರು ಆವಿಯಾಗುತ್ತ ಕಾವನ್ನು ಒಯ್ಯುತ್ತದೆ. ಎರಡು ಮೂರು ಡಿಗ್ರಿ ಇಳಿಯಿತು. ನಾವು ಬೀಗಿದೆವು.

ಆದರೆ ದಿನಕ್ಕೆ ಎರಡು ಲೀಟರು ನೀರು ಕಡಮೆಯಾಗತೊಡಗಿತು. ಕಡಮೆಯಾದದ್ದು ಸಮುದ್ರದ ನೀರು, ಆದ್ದರಿಂದ ತುಂಬಬೇಕಾದದ್ದೂ ಸಮುದ್ರದ ನೀರೇ ಎಂದು ಬಿ.ಎ. ಪಾಸಾದ ನಮ್ಮ ಬುದ್ಧಿಗೆ ತೋರಿತು. ದಿನವೂ ಎರಡು ಲೀಟರು ಉಪ್ಪುನೀರು ಕಲಸಿ ಸುರಿದೆವು.

ನಾಲ್ಕನೆಯ ದಿನ ಅಣಬೆಯ ಮೇಲೆ ಒಂದು ಹೂವೂ ಏಳಲಿಲ್ಲ. ಐದನೆಯ ದಿನ ಕೊಡೆ ಮುದುಡಿ ಸುಕ್ಕಾಯಿತು. ಆಮೇಲೆ ನಾವು ಮಾಡಿದ ಚಿಕಿತ್ಸೆಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಬೆಳಕು ಸಾಲದೆಂದು ದೀಪ ಹೆಚ್ಚಿಸಿದೆವು. ಮರುದಿನ ಹೆಚ್ಚಾಯಿತೆಂದು ಹವಳವನ್ನೇ ಕೆಳಗಿನ ಮೂಲೆಗೆ ಸರಿಸಿದೆವು. ಹಸಿವೆಯೇನೋ ಎಂದು ಆಹಾರ ಹಾಕಿದೆವು, ಅದು ಕೊಳೆಯಿತು. ಅಂಗಡಿಯಿಂದ ಔಷಧದ ಬಾಟಲಿಯೊಂದನ್ನು ತಂದು ಒಂದು ಮುಚ್ಚಳದ ಬದಲು ಎರಡು ಸುರಿದೆವು. ಮೂರು ದಿನದಲ್ಲಿ ಐದು ಬದಲಾವಣೆ. ಕಚೇರಿಯಲ್ಲಿ ಒಂದು ಕಡತವನ್ನು ಟಿಪ್ಪಣಿಯಿಲ್ಲದೆ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಸದ ನಾವು, ಮನೆಯಲ್ಲಿ ಒಂದು ಸಾಲನ್ನೂ ಬರೆದಿಡಲಿಲ್ಲ.

ತೊಟ್ಟಿಯಲ್ಲಿ ಝೀನಿಯಾ ಎಂಬ ಇನ್ನೊಂದು ಪುಟ್ಟ ಹವಳವಿತ್ತು. ಎಳೆಗೂಸು ಮುಷ್ಟಿಯನ್ನು ಬಿಡಿಸಿ ಮಡಿಸಿದಂತೆ ದಿನವಿಡೀ ಮಿಡಿಯುತ್ತಿದ್ದ ಅದು ನಮ್ಮ ಮಗಳ ಅಚ್ಚುಮೆಚ್ಚು. ಏಳನೆಯ ದಿನ ಮಿಡಿತ ನಿಂತಿತು; ಎಂಟನೆಯ ದಿನ ಅದು ಕರಗಿದ ಬೆಲ್ಲದಂತೆ ಕಲ್ಲಿನ ಮೇಲೆ ಹರಿದಿತ್ತು. ಮಗಳು ಅಳಲಿಲ್ಲ. ಶಾಲೆಗೆ ಹೋಗುವಾಗ ತೊಟ್ಟಿಯ ಕಡೆ ನೋಡದೆ ಹೋದಳು. ಅದೇ ರಾತ್ರಿ ರಾಯರ ಫೋನು ಬಂತು. "ಹೇಗಿದೆ ನಮ್ಮ ಅಣಬೆ?"

"ಚೆನ್ನಾಗಿದೆ ರಾಯರೇ" ಎಂದೆವು. ಮಗಳು ಪುಸ್ತಕದಿಂದ ತಲೆಯೆತ್ತಿ ನಮ್ಮನ್ನು ನೋಡಿದಳು.

ಮರುದಿನ ಬೆಳಿಗ್ಗೆ ಕುಮಟೆಯಿಂದ ನಮ್ಮ ಆಯಿ ಬಂದಿಳಿದರು. ಚೀಲ ಕೆಳಗಿಡುವ ಮುನ್ನವೇ, "ಎಂತದೋ ತಮಾ ಇದು, ಒಣಗಿದ ಅಣಬೆ ಇಟ್ಕಂಡಂಗೆ ಕಾಣ್ತು?" ಎಂದು ಕೇಳಿದರು. ನಾವು ವಿವರಿಸುತ್ತ ಆ ದಿನದ ಎರಡು ಲೀಟರು ನೀರಿಗೆ ಉಪ್ಪಿನ ಪುಡಿ ತೂಗುತ್ತಿದ್ದೆವು. ಆಯಿ ಸ್ವಲ್ಪ ಹೊತ್ತು ನೋಡಿದರು.

"ಮತ್ತೆ ಎಂತಕ್ಕೋ ಉಪ್ಪು? ಮೊದಲಿನ ಉಪ್ಪು ಎಲ್ಲಿ ಹೋತು?"

ನಮ್ಮ ಕೈ ನಿಂತಿತು. ಆಯಿಯ ತವರು ಸಾಣಿಕಟ್ಟೆಯ ಉಪ್ಪಿನ ಆಗರಗಳ ಮಗ್ಗುಲಿನಲ್ಲಿ. ಕಟ್ಟಿದ ಗದ್ದೆಗೆ ಸಮುದ್ರದ ನೀರು ಬಿಟ್ಟು ಬಿಸಿಲಿಗೆ ಬಿಡುತ್ತಾರೆ. ನೀರು ಆಕಾಶಕ್ಕೆ, ಉಪ್ಪು ನೆಲಕ್ಕೆ. ಅದನ್ನು ನೋಡುತ್ತ ಬೆಳೆದವರಿಗೆ ಬಿ.ಎ. ಬೇಕಾಗಿಲ್ಲ. ನಾವು ಎಂಟು ದಿನದಿಂದ ನಮ್ಮ ನಡುಮನೆಯಲ್ಲಿ ಒಂದು ಆಗರ ನಡೆಸುತ್ತಿದ್ದೆವು.

ಲೆಕ್ಕ ಹಾಕಿದೆವು. ಒಳ್ಳೆಯ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೂರು ಲೀಟರಿಗೆ 3,500 ಗ್ರಾಂ. ದಿನಕ್ಕೆ ಎರಡು ಲೀಟರಿನಂತೆ ನಾವು ಸುರಿದದ್ದು 70 ಗ್ರಾಂ, ಎಂಟು ದಿನಕ್ಕೆ 560. ಆವಕ ಮಾತ್ರ, ಜಾವಕವೇ ಇಲ್ಲ! ಲೀಟರಿಗೆ ನಲವತ್ತು ಗ್ರಾಂ ದಾಟಿತ್ತು. ರಾಯರು ಕೊಟ್ಟ ರಿಫ್ರ್ಯಾಕ್ಟೋಮೀಟರು ಡಬ್ಬಿಯಲ್ಲೇ ಮಲಗಿತ್ತು. ತೆಗೆದು ಒಂದು ಹನಿ ಹಾಕಿ ನೋಡಿದರೆ, 1.026 ಇರಬೇಕಾದ ವಿಶಿಷ್ಟ ಗುರುತ್ವ 1.030ರ ಮೇಲಿತ್ತು. ನೀರಿನಲ್ಲಿದ್ದುಕೊಂಡೇ ಆ ಜೀವಿಗಳು ಬಾಯಾರಿ ಸೊರಗುತ್ತಿದ್ದವು.

ತಪ್ಪು ತಿಳಿದೊಡನೆ ಒಂದೇ ಸಲಕ್ಕೆ ಸರಿಪಡಿಸಲು ಕೈ ತುರಿಸುತ್ತದೆ. ಅದು ಎರಡನೆಯ ಪೆಟ್ಟಾಗುತ್ತಿತ್ತು. ದಿನಕ್ಕೆ ಎರಡು ಲೀಟರು ತೊಟ್ಟಿಯ ನೀರು ತೆಗೆದು ಅಷ್ಟೇ ಉಪ್ಪಿಲ್ಲದ ಆರ್.ಓ. ನೀರು ಹಾಕಿದೆವು, ಆವಿಯಾದದ್ದಕ್ಕೂ ಬರಿಯ ಆರ್.ಓ. ನೀರೇ. ನಲ್ಲಿಯ ನೀರಾಗದು, ಅದರಲ್ಲಿ ಕ್ಲೋರಿನ್ ಇರುತ್ತದೆ. ಏಳು ದಿನದಲ್ಲಿ ಉಪ್ಪು ತನ್ನ ಜಾಗಕ್ಕೆ ಇಳಿಯಿತು. ಔಷಧ ನಿಲ್ಲಿಸಿ, ಸತ್ತದ್ದರ ಮತ್ತು ಸುರಿದದ್ದರ ವಿಷವನ್ನು ಹೀರಲೆಂದು ಮೀನಿನಂಗಡಿಯಲ್ಲಿ ಸಿಗುವ ಇದ್ದಿಲನ್ನು ಜಾಲರಿ ಚೀಲದಲ್ಲಿ ಕಟ್ಟಿ ನೀರು ಹರಿಯುವಲ್ಲಿಟ್ಟೆವು. ಚರ್ಮದ ಹವಳ ತಾನೇ ನೀರಿಗೆ ಒಂದು ಬಗೆಯ ರಸವನ್ನು ಬಿಟ್ಟು ನೆರೆಹೊರೆಯ ಹವಳಗಳನ್ನು ಹಿಂಸಿಸುವುದುಂಟು. ಅದಕ್ಕೂ ಇದ್ದಿಲೇ ಮದ್ದು. ಕೊಡೆಯ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೊಳೆಯತೊಡಗಿದ್ದ ಭಾಗವನ್ನು ಹೊಸ ಬ್ಲೇಡಿನಿಂದ, ಒಳ್ಳೆಯ ಮಾಂಸ ಸ್ವಲ್ಪ ಸೇರುವಂತೆಯೇ, ಕತ್ತರಿಸಿದೆವು. ಕೈ ನಡುಗಿತು. ಆದರೆ ಕೊಳೆತವನ್ನು ಬಿಟ್ಟರೆ ಅದು ಒಳಕ್ಕೆ ಹರಡುತ್ತದೆ, ಕತ್ತರಿಸಿದ್ದು ಮಾಯುತ್ತದೆ.

ಮಗಳು ಒಂದು ಇನ್ನೂರು ಪುಟದ ಪುಸ್ತಕ ತಂದಿಟ್ಟಳು. ದಿನಾಂಕ, ಕಾವು, ಗುರುತ್ವ, ಹಾಕಿದ ನೀರು, ಹೂಗಳು ಎಷ್ಟು. ಕೊನೆಯ ಕಲಮಿನಲ್ಲಿ ಹದಿನೆಂಟು ದಿನ ಸೊನ್ನೆಯೇ ಬಿತ್ತು. ಹತ್ತನೆಯ ದಿನದಿಂದ ಹವಳದ ಮೈಮೇಲೆ ಮೇಣದಂತಹ ಪೊರೆಯೊಂದು ಕೂತಿತು. ಸತ್ತಿತೆಂದೇ ನಾವು ತಿಳಿದೆವು. ಅದು ಸಾವಲ್ಲ, ಈ ಜಾತಿಯ ಹವಳಗಳು ಆರೋಗ್ಯವಾಗಿದ್ದಾಗಲೂ ಆಗಾಗ ಹೀಗೆ ಮುದುಡಿ ಪೊರೆ ಕಳಚುತ್ತವೆ, ಕೆಲವು ವೇಳೆ ವಾರಗಟ್ಟಲೆ. ಆಗ ನೀರು ಅದರ ಮೇಲೆ ಚೆನ್ನಾಗಿ ಹಾಯುವಂತೆ ಮಾಡಿ ಸುಮ್ಮನಿರಬೇಕು. ಸುಮ್ಮನಿರುವುದು ನಮಗೆ ಎಲ್ಲಕ್ಕಿಂತ ಕಷ್ಟವಾದ ಚಿಕಿತ್ಸೆಯಾಯಿತು. ಹತ್ತೊಂಬತ್ತನೆಯ ಬೆಳಿಗ್ಗೆ ಪೊರೆ ಹರಿದು ತೇಲುತ್ತಿತ್ತು. ಕೊಡೆಯ ಒಂದು ಮಗ್ಗುಲಲ್ಲಿ ಹೂಗಳು. ಮಗಳು ಎಣಿಸಿ ಬರೆದಳು: 11.

ತೊಟ್ಟಿ ಇಟ್ಟಿರುವ ಅಥವಾ ಇಡಲಿರುವ ವಾಚಕರಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ ಫ್ಯಾನಿನ ತಂಪು ಅಷ್ಟು ಸಾಗದು, ನೀರೂ ಅಷ್ಟು ಆರದು. ಜನವರಿಯ ಅಳತೆ ಜುಲೈಗೆ ಹೊಂದುವುದಿಲ್ಲ. ನೀರು ಕನ್ನಡಿಯಂತೆ ಚೊಕ್ಕಟವಾಗಿರಬೇಕೆಂಬ ಹಟವೂ ಬೇಡ. ಮೆತ್ತನೆಯ ಹವಳಗಳಿಗೆ ಅಲ್ಪಸ್ವಲ್ಪ ನೈಟ್ರೇಟು ಬೇಕು, ಪೂರ್ತಿ ಇಲ್ಲದಿದ್ದರೆ ಅವು ಸೊರಗುತ್ತವೆ. ಕರೆಂಟು ಹೋಗುವ ಊರುಗಳಲ್ಲಿ ಸೆಲ್ಲಿನಿಂದ ನಡೆಯುವ ಗಾಳಿ ಪಂಪೊಂದು ಮನೆಯಲ್ಲಿರಲಿ. ಮತ್ತೊಂದು ಎಚ್ಚರಿಕೆ ಮನೆಮಂದಿಗೆ: ಬಣ್ಣದ ಗುಂಡಿಗಳ ಚಾಪೆಯಂತಿರುವ ಝೊವಾಂಥಿಡ್ ಜಾತಿಯವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವಿರುವ ಕಲ್ಲನ್ನು ಕೈಗವಸಿಲ್ಲದೆ ಮುಟ್ಟಬಾರದು, ತೊಳೆಯುವ ನೆಪದಲ್ಲಿ ಎಂದಿಗೂ ಕುದಿಸಬಾರದು. ಆವಿ ಕುಡಿದು ಆಸ್ಪತ್ರೆ ಸೇರಿದ ಸಂಸಾರಗಳುಂಟು.

ಹೂಗಳು ಎದ್ದ ವಾರದ ಭಾನುವಾರ ರಾಯರ ಫೋನು ಬಂದಾಗ ನಾವೇ ಎತ್ತಿದೆವು. ಅವರು ಪ್ರಶ್ನೆ ಕೇಳುವ ಮುನ್ನವೇ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಒಪ್ಪಿಸಿದೆವು. ಝೀನಿಯಾ ಸತ್ತದ್ದನ್ನು, "ಚೆನ್ನಾಗಿದೆ" ಎಂದು ಸುಳ್ಳು ಹೇಳಿದ್ದನ್ನು ಸಹ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ರಾಯರು, "ಮಾರಾಯ್ರೆ, ಈ ಅಣಬೆಗೆ ಮೊದಲು ಮೂರು ಸತ್ತಿವೆ ನನ್ನ ಕೈಯಲ್ಲಿ. ಅದನ್ನು ನಾನು ನಿಮಗೆ ಹೇಳಿರಲಿಲ್ಲ" ಎಂದರು. ಆ ದಿನ ಕತ್ತರಿಸಿ ತೆಗೆದ ಅಂಚಿನಲ್ಲಿ ಒಳ್ಳೆಯದಾಗಿ ಉಳಿದಿದ್ದ ಚೂರೊಂದನ್ನು ಮಗಳು ದಾರದಿಂದ ಕಲ್ಲಿಗೆ ಕಟ್ಟಿಟ್ಟಿದ್ದಳು. ಅದು ಈಗ ಕಚ್ಚಿಕೊಂಡು ಬೆಳೆದು ಎಂಟಾಣೆಯ ನಾಣ್ಯದಷ್ಟಾಗಿದೆ. ಯಾರಿಗೆ ಕೊಡುವುದೆಂದು ಅವಳು ಇನ್ನೂ ತೀರ್ಮಾನಿಸಿಲ್ಲ; ಕೇಳುವವರು ಉಪ್ಪಿನ ಲೆಕ್ಕದಲ್ಲಿ ಪಾಸಾಗಬೇಕಂತೆ.