ಬಡ್ತಿ ಕಾಣದ ದುಡಿಮೆ

ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ನೆಲೆ ಕಂಡಿತೆಂಬ ನಂಬಿಕೆ ಗಡಿನಾಡಿನ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಕಾಸರಗೋಡಿನ ಪದವೀಧರರು ಮಂಗಳೂರು, ಬೆಂಗಳೂರುಗಳತ್ತ ಹೊರಡುವುದು ಈ ನಂಬಿಕೆಯನ್ನು ಹೊತ್ತುಕೊಂಡೇ. ಮೊದಲ ಎರಡು ಮೂರು ವರ್ಷಗಳು ಕಲಿಕೆಯ ಸಂಭ್ರಮದಲ್ಲಿ ಕಳೆಯುತ್ತವೆ. ಏಳೆಂಟು ವರ್ಷ ದುಡಿದ ಮೇಲೂ ಅದೇ ಪದನಾಮ, ಅದೇ ಕೆಲಸ ಎಂದಾದಾಗ, ತಿಂಗಳ ಸಂಬಳ ತಪ್ಪದೆ ಬರುತ್ತಿದ್ದರೂ ಒಳಗೊಂದು ಕೊರಗು ಹುಟ್ಟುತ್ತದೆ. ಇದನ್ನು ಅತೃಪ್ತರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಬೃಹತ್ ಸಂಸ್ಥೆಯ ರಚನೆ ಗೋಪುರದಂಥದು. ಹತ್ತು ಜನರಿಗೊಬ್ಬ ತಂಡನಾಯಕ, ಹತ್ತು ನಾಯಕರಿಗೊಬ್ಬ ವ್ಯವಸ್ಥಾಪಕ ಎಂದಿಟ್ಟುಕೊಂಡರೆ, ಸಾವಿರ ನೌಕರರ ಮೇಲೆ ಇರುವುದು ನೂರು ನಾಯಕಸ್ಥಾನಗಳು ಮಾತ್ರ. ಸಾವಿರ ಮಂದಿಯೂ ಸಮರ್ಥರಾಗಿದ್ದರೂ ಒಂಬೈನೂರು ಮಂದಿ ಇದ್ದಲ್ಲೇ ಉಳಿಯಬೇಕು. ಸಂಸ್ಥೆ ಬೆಳೆಯುತ್ತಿರುವಷ್ಟು ಕಾಲ ಹೊಸ ತಂಡಗಳು ಹುಟ್ಟಿ ಈ ಲೆಕ್ಕವನ್ನು ಮರೆಮಾಡುತ್ತವೆ. ಬೆಳವಣಿಗೆ ನಿಧಾನವಾದೊಡನೆ ಅದು ಕಣ್ಣಿಗೆ ಬೀಳುತ್ತದೆ. ವಾರ್ಷಿಕ ಮೌಲ್ಯಮಾಪನದ ವೇಳೆ ಮಾತ್ರ ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಇನ್ನೂ ಸಿದ್ಧತೆ ಸಾಲದು' ಎಂಬ ಮಾತು ಬರುತ್ತದೆ. ಸ್ಥಾನಗಳ ಕೊರತೆಯನ್ನು ವ್ಯಕ್ತಿಯ ಕೊರತೆಯೆಂದು ನಂಬಿಸುವುದೇ ಇಲ್ಲಿ ನಡೆಯುವ ನಿಜವಾದ ಅನ್ಯಾಯ. ನೌಕರರನ್ನು ನಿಗದಿತ ಪ್ರಮಾಣದಲ್ಲಿ ಮೇಲು ಕೀಳು ದರ್ಜೆಗಳಿಗೆ ಹಂಚುವ ಪದ್ಧತಿಯನ್ನು ಮೈಕ್ರೋಸಾಫ್ಟ್‌ನಂಥ ಸಂಸ್ಥೆಯೇ 2013ರಲ್ಲಿ ಕೈಬಿಟ್ಟಿತೆಂಬುದು ಗಮನಾರ್ಹ.

ಕೇಂದ್ರ ಸರ್ಕಾರ ತನ್ನ ನೌಕರರ ಮಟ್ಟಿಗೆ ಈ ಸಮಸ್ಯೆಯನ್ನು ಒಪ್ಪಿಕೊಂಡಿದೆ. 1999ರಲ್ಲಿ ಆರಂಭವಾಗಿ 2008ರಲ್ಲಿ ಪರಿಷ್ಕೃತಗೊಂಡ ಯೋಜನೆಯಂತೆ, ಬಡ್ತಿ ದೊರೆಯದವರಿಗೆ 10, 20, 30 ವರ್ಷಗಳ ಸೇವೆಯ ಬಳಿಕ ವೇತನದ ಮೇಲ್ದರ್ಜೆ ಲಭಿಸುತ್ತದೆ. ಹುದ್ದೆ ಖಾಲಿಯಿಲ್ಲವೆಂಬ ಕಾರಣಕ್ಕೆ ದುಡಿದವರು ಆರ್ಥಿಕವಾಗಿ ನಿಂತಲ್ಲೇ ನಿಲ್ಲಬಾರದೆಂಬುದು ಇದರ ಆಶಯ. ಖಾಸಗಿ ಕಂಪನಿಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ವರ್ಷಗಳನ್ನು ಎಣಿಸಿ ಬಡ್ತಿ ಕೊಟ್ಟರೆ ಆಲಸ್ಯ ಬೆಳೆಯುತ್ತದೆಂಬ ಅವುಗಳ ವಾದದಲ್ಲಿ ಸ್ವಲ್ಪ ಹುರುಳಿದೆ. ಒಳ್ಳೆಯ ಕೆಲಸಗಾರರೆಲ್ಲರೂ ಒಳ್ಳೆಯ ಮೇಲಧಿಕಾರಿಗಳಾಗುತ್ತಾರೆಂದೂ ಇಲ್ಲ. ಆದರೆ ಆಳುವ ಅಧಿಕಾರಕ್ಕೇ ಗೌರವ, ಸಂಬಳಗಳನ್ನು ಕಟ್ಟಿಹಾಕಿದ್ದು ಯಾರು? ಪರಿಣತಿಗೆ ತಕ್ಕ ಸಂಬಳ ಮತ್ತು ಸ್ಥಾನ ಕೊಡುವ ಇನ್ನೊಂದು ಏಣಿಯನ್ನು ಇಟ್ಟರೆ, ಒಲ್ಲದ ಅಧಿಕಾರಕ್ಕಾಗಿ ಯಾರೂ ಹಂಬಲಿಸಬೇಕಾಗಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೂ ಒಂದು ಮೆಟ್ಟಿಲಿದೆ; ಅದು ಯಾವ ನಿಯಮಾವಳಿಯಲ್ಲೂ ಬರೆದಿಲ್ಲ. ಕೆಲಸ ಬಲ್ಲವರು ಹಿಂದುಳಿದು, ಅದೇ ಕೆಲಸವನ್ನು ಸಭೆಯಲ್ಲಿ ಸರಾಗ ಇಂಗ್ಲಿಷಿನಲ್ಲಿ ವಿವರಿಸಬಲ್ಲವರು ಮುಂದೆ ಸಾಗಿದಾಗ, ಅಳೆಯಲ್ಪಟ್ಟದ್ದು ಸಾಮರ್ಥ್ಯವಲ್ಲ, ನುಡಿಯ ನಯ. ಆ ಭಾಷೆಯನ್ನು ಕಲಿಯುವುದು ಅನಿವಾರ್ಯ. ಅದು ಬಾರದಿರುವುದನ್ನು ದಡ್ಡತನವೆಂದು ಒಪ್ಪಿಕೊಳ್ಳುವುದು ಅನಿವಾರ್ಯವಲ್ಲ.

ಬಡ್ತಿಯ ನೋವು ಕನ್ನಡ ಸಾಹಿತ್ಯಲೋಕಕ್ಕೆ ಹೊಸತಲ್ಲ. ಮೈಸೂರು ಸಂಸ್ಥಾನದ ಉನ್ನತ ಅಧಿಕಾರಿಯಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ದೊರೆತಾಗ ಅದನ್ನು ಪ್ರತಿಭಟಿಸಿ 1943ರಲ್ಲಿ ರಾಜೀನಾಮೆ ಕೊಟ್ಟರು. ಅನಂತರ 'ಜೀವನ' ಪತ್ರಿಕೆಯನ್ನು ಸಂಪಾದಿಸಿದರು. 'ಚಿಕವೀರ ರಾಜೇಂದ್ರ'ಕ್ಕಾಗಿ 1983ರ ಜ್ಞಾನಪೀಠ ಪಡೆದರು. ಸಾಲದ ಕಂತು, ಮನೆಯ ಹೊಣೆಗಳಿರುವ ಎಲ್ಲರಿಗೂ ಹಾಗೆ ಎದ್ದು ಬರುವುದು ಸಾಧ್ಯವಿಲ್ಲ. ಆದರೆ ಅವರು ಅಧಿಕಾರದಲ್ಲಿದ್ದಾಗಲೇ ಕತೆಗಾರರಾಗಿದ್ದರು. ಹುದ್ದೆಯ ಹೊರಗೂ ಅವರಿಗೊಂದು ಬೆಲೆಯಿತ್ತು. ಅಂಥ ಬೆಲೆಯೊಂದನ್ನು ಕಾಪಾಡಿಕೊಂಡವರನ್ನು ಮೇಲಧಿಕಾರಿಯ ಒಂದು ಷರಾ ಕುಗ್ಗಿಸಲಾರದು.

ಆದರೂ ಈ ಮಾತು ಕಂಪನಿಗಳಿಗೆ ವಿನಾಯಿತಿಯಾಗಬಾರದು. ಮೇಲೆ ಎಷ್ಟು ಸ್ಥಾನಗಳಿವೆ, ಬಡ್ತಿಗೆ ಮಾನದಂಡವೇನು, ನಿರಾಕರಿಸಿದರೆ ಕಾರಣವೇನು ಎಂಬುದನ್ನು ಅವು ಬರಹದಲ್ಲಿ ತಿಳಿಸಬೇಕು. ನಾಳೆ ಸಂದರ್ಶನಕ್ಕೆ ಹೋಗುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸಂಬಳವೆಷ್ಟು ಎಂಬುದರ ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಸಂಕೋಚವಿಲ್ಲದೆ ಕೇಳಬೇಕು.