ಬೀಜ ನಮ್ಮದು, ಬೆಲೆ ಪರರದೇ?

ಹರಳುಗಿಡವನ್ನು ಅರಿಯದವರು ನಿಮ್ಮಲ್ಲಿ ವಿರಳ. ಉತ್ತರ ಕರ್ನಾಟಕದವರು ಅದನ್ನು ಔಡಲವೆನ್ನುವರು. ಹೊಲದ ಬದುವಿನಲ್ಲಿ ಬೆಳೆದ ಅದರ ಎಣ್ಣೆಯು ನಮ್ಮ ಹಿರಿಯರಿಗೆ ದೀಪಕ್ಕೂ ತಲೆಗೂ ಔಷಧಕ್ಕೂ ಒದಗುತ್ತಿತ್ತು. ಇಂದು ಅದೇ ಎಣ್ಣೆಯಿಂದ ಲಾರಿಗಳ ಬ್ರೇಕಿನ ಕೊಳವೆಗಳೂ ಕ್ರೀಡಾಪಟುಗಳ ಪಾದರಕ್ಷೆಗಳ ಅಟ್ಟೆಯೂ ತಯಾರಾಗುತ್ತಿವೆ. ಸಂತೋಷವೇ ಸರಿ. ಆದರೆ ಇದರಿಂದ ಹುಟ್ಟಿದ ಸಂಪತ್ತು ಯಾರ ಮನೆಯನ್ನು ಸೇರಿತು?

ಹರಳೆಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ನೂರಕ್ಕೆ ಸುಮಾರು 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ. ಎಣ್ಣೆಯನ್ನು ಮೆಥನಾಲಿನೊಡನೆ ವರ್ತಿಸುವಂತೆ ಮಾಡಿ, ತೀವ್ರ ಉಷ್ಣದಲ್ಲಿ ಒಡೆದು, ಮತ್ತೂ ಕೆಲವು ಹಂತಗಳನ್ನು ದಾಟಿಸಿದರೆ ನೈಲಾನ್-11 ಎಂಬ ದೃಢವಾದ ಪ್ಲಾಸ್ಟಿಕ್ ದೊರೆಯುತ್ತದೆ. ಒಡೆಯುವಾಗ ಲಭಿಸುವ ಹೆಪ್ಟನಾಲ್ ಸುಗಂಧದ್ರವ್ಯಗಳ ತಯಾರಿಕೆಗೆ ಬರುತ್ತದೆ. ಈ ವಿದ್ಯೆಯನ್ನು ಫ್ರಾನ್ಸಿನವರು 20ನೆಯ ಶತಮಾನದ ಮಧ್ಯಭಾಗದಲ್ಲಿಯೇ ಕೈವಶ ಮಾಡಿಕೊಂಡರು. 2022ರಲ್ಲಿ ಅಲ್ಲಿಯ ಕಂಪನಿಯೊಂದು ಇದರ ಮೂಲವಸ್ತುವಿಗಾಗಿ ಸಿಂಗಪುರದಲ್ಲಿ ಹೊಸ ಕಾರ್ಖಾನೆಯನ್ನೂ ತೆರೆಯಿತು. ಸಿಂಗಪುರದಲ್ಲಿ ಹರಳಿನ ಹೊಲಗಳಿವೆಯೇ? ಜಗತ್ತಿನ ಹರಳುಬೀಜದ ಬಹುಪಾಲನ್ನು ಬೆಳೆಯುವುದು ಭಾರತ, ಅದರಲ್ಲಿಯೂ ಗುಜರಾತ್. ಉಪೋತ್ಪನ್ನಗಳನ್ನು ತಯಾರಿಸುವ ಉದ್ಯಮಗಳು ನಮ್ಮಲ್ಲಿಯೂ ಉಂಟು, ಅಲ್ಲಗಳೆಯುವುದಿಲ್ಲ. ಆದರೂ ಹಡಗನ್ನೇರುವುದರಲ್ಲಿ ಬಹುಭಾಗ ಇಂದಿಗೂ ಬರಿಯ ಎಣ್ಣೆಯೇ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಬಯೋ-ಇ3 ನೀತಿಯನ್ನು ಅಂಗೀಕರಿಸಿತು. ಜೈವಿಕ ಮೂಲದ ರಾಸಾಯನಿಕಗಳು ಅದರ ಮುಖ್ಯ ವಿಷಯಗಳಲ್ಲೊಂದು. ಇದರಿಂದ ರೈತನ ಬಾಳು ಬೆಳಗುವುದೆಂದು ಸಭೆಗಳಲ್ಲಿ ಘೋಷಿಸುವವರಿಗೆ ಕೊರತೆಯಿಲ್ಲ. ಕಾರ್ಖಾನೆಯಲ್ಲಿ ಪಾಲಿಲ್ಲದವನ ಬಾಳು ಬೆಳಗುವುದೆಂತು? ನೀಲಿಯ ಕಥೆಯನ್ನು ಸ್ಮರಿಸಿರಿ. ಬಿಹಾರದ ರೈತರು ಬೆಳೆದ ನೀಲಿಗಿಡದಿಂದ ಜಗತ್ತಿನ ಬಟ್ಟೆಗೆ ಬಣ್ಣ ದೊರೆಯುತ್ತಿತ್ತು. ಲಾಭ ತೋಟದ ದೊರೆಗಳದಾಗಿತ್ತು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಆ ವ್ಯಾಪಾರ ಕುಸಿದಾಗ ದೊರೆಗಳು ನಷ್ಟವನ್ನು ರೈತರ ಮೇಲೆಯೇ ಹೊರಿಸಿದರು. ಅದರ ವಿರುದ್ಧವೇ 1917ರಲ್ಲಿ ಚಂಪಾರಣದ ಸತ್ಯಾಗ್ರಹ ನಡೆಯಿತು.

“ರಸಾಯನ ವಿದ್ಯೆಯು ರೈತರಿಗೆ ನಿಲುಕುವಂಥದಲ್ಲ, ಬೆಳೆಯುವುದಷ್ಟೇ ಅವರ ಕೆಲಸ” ಎನ್ನುವ ಪಂಡಿತರಿದ್ದಾರೆ. ಹಾಲಿನ ವಿಷಯದಲ್ಲಿಯೂ ಇದೇ ಮಾತು ಬಂದಿತ್ತು. ಎಮ್ಮೆಯ ಹಾಲಿನಿಂದ ಪುಡಿ ಮಾಡಲಾಗದೆಂದು ಹೊರದೇಶದ ತಜ್ಞರು ತೀರ್ಪಿತ್ತಿದ್ದರು. 1946ರಲ್ಲಿ ಸಹಕಾರ ಸಂಘವನ್ನು ಕಟ್ಟಿದ ಖೇಡಾ ಜಿಲ್ಲೆಯ ರೈತರು 1955ರಲ್ಲಿ ಆನಂದದಲ್ಲಿ ಪುಡಿಯ ಕಾರ್ಖಾನೆಯನ್ನೇ ನಡೆಸಿ ತೋರಿದರು. ತಜ್ಞರನ್ನು ರೈತರು ಸಂಬಳ ಕೊಟ್ಟು ನೇಮಿಸಿಕೊಂಡರು, ಒಡೆತನವನ್ನು ಬಿಟ್ಟುಕೊಡಲಿಲ್ಲ. ಆದರೂ ವೈಚಿತ್ರ್ಯವನ್ನು ನೋಡಿರಿ: ಅದೇ ಗುಜರಾತಿನ ಮೆಹಸಾಣಾ, ಬನಾಸಕಾಂಠಾ ಜಿಲ್ಲೆಗಳಲ್ಲಿ ಹಾಲಿನ ಡೇರಿಗೆ ಒಡೆಯನಾದ ರೈತನು ಹರಳಿಗೆ ಕೇವಲ ಮಾರಾಟಗಾರ!

ಮೊದಲ ದಿನವೇ ನೈಲಾನ್ ಮಾಡಿರೆಂದು ನಾವು ಹೇಳುತ್ತಿಲ್ಲ. ಗಾಣದಿಂದ ಆರಂಭವಾಗಲಿ, ಎಣ್ಣೆಯ ಶುದ್ಧೀಕರಣ, ಆ ಬಳಿಕ ಆಮ್ಲಗಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಸರಕಾರದ ನೆರವು ಪಡೆಯುವ ಪ್ರತಿಯೊಂದು ಕಾರ್ಖಾನೆಯಲ್ಲಿಯೂ ಬೆಳೆಗಾರರ ಸಂಘಕ್ಕೆ ಪಾಲಿರಲೆಂಬ ನಿಯಮ ಬರಲಿ.

ಮಠದ ಪ್ರಸಾದ ನಿಲಯಗಳಲ್ಲಿ ಇದ್ದು ಓದಿ ಇಂದು ರಸಾಯನಜ್ಞರೂ ಇಂಜಿನಿಯರರೂ ಬ್ಯಾಂಕಿನ ಅಧಿಕಾರಿಗಳೂ ಆಗಿರುವವರೇ, ನಿಮಗೆ ಉಣಬಡಿಸಿದ ಜೋಳ ಬಂದದ್ದು ರೈತರ ಕಣದಿಂದ. ನಿಮ್ಮ ವಿದ್ಯೆ ಯಾರ ಕಾರ್ಖಾನೆಗೆ ಸಲ್ಲಬೇಕೆಂಬುದನ್ನು ನೀವೇ ನಿರ್ಣಯಿಸಿರಿ.