ಬಾಡಿಗೆಯ ಬಂದೂಕಿಗೆ ಹೊಣೆ ಯಾರು?

ವಿಶ್ವಸಂಸ್ಥೆಯು ಶಾಂತಿಯ ಸಂಸ್ಥೆಯೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದೇ ಸಂಸ್ಥೆಯು ಕೆಲವು ದೇಶಗಳಲ್ಲಿ ಖಾಸಗಿ ಕಂಪೆನಿಗಳ ಬಂದೂಕುಧಾರಿಗಳನ್ನು ಹಣ ತೆತ್ತು ಕಾವಲಿಗೆ ನಿಲ್ಲಿಸಿಕೊಂಡಿದೆ. ಅದಕ್ಕಾಗಿ ರಚಿಸಿದ ನಿಯಮಗಳು ಅರ್ಧ ನ್ಯಾಯವನ್ನು ಮಾತ್ರ ಮಾಡುತ್ತವೆಂಬುದೇ ನಮ್ಮ ಆಕ್ಷೇಪ.

ಮೊದಲು ಒಪ್ಪತಕ್ಕುದನ್ನು ಒಪ್ಪೋಣ. 2003ರ ಆಗಸ್ಟ್ 19ರಂದು ಬಾಗ್ದಾದಿನ ಕೆನಾಲ್ ಹೋಟೆಲಿನ ಮೇಲಾದ ಬಾಂಬು ದಾಳಿಯಲ್ಲಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸಹಿತ 22 ಮಂದಿ ಮಡಿದರು. 2009ರ ಅಕ್ಟೋಬರ್ 28ರಂದು ಕಾಬೂಲಿನ ಅತಿಥಿಗೃಹವೊಂದರ ಮೇಲೆ ದಾಳಿ ನಡೆದು ಸಂಸ್ಥೆಯ 5 ಮಂದಿ ನೌಕರರು ಹತರಾದರು. ಹಸಿದವರಿಗೆ ಅನ್ನ ಹಂಚಲು ಹೋದವರು ರಕ್ಷಣೆಯಿಲ್ಲದೆ ಸಾಯಲಿ ಎಂದು ಯಾರೂ ಹೇಳಲಾರರು.

2012ರಲ್ಲಿ ವಿಶ್ವಸಂಸ್ಥೆಯು ಮಾರ್ಗಸೂಚಿಯೊಂದನ್ನು ಹೊರಡಿಸಿತು. ಆತಿಥೇಯ ಸರಕಾರ, ಇತರ ಸದಸ್ಯರಾಷ್ಟ್ರಗಳು, ಸಂಸ್ಥೆಯ ಸ್ವಂತ ಬಲ, ಈ ಮೂರೂ ಸಾಲದಾದಾಗ ಮಾತ್ರ, ಕೊನೆಯ ಉಪಾಯವಾಗಿ, ಖಾಸಗಿ ಸಶಸ್ತ್ರ ಕಾವಲನ್ನು ಪಡೆಯಬೇಕು. ಕಂಪೆನಿಗೆ ಕನಿಷ್ಠ 5 ವರ್ಷಗಳ ಅನುಭವವಿರಬೇಕು. ಕಾವಲುಗಾರರ ಪೂರ್ವಚರಿತ್ರೆಯನ್ನು ಪರಿಶೀಲಿಸಬೇಕು. ಬಲಪ್ರಯೋಗಕ್ಕೆ ಮಿತಿಯಿರಬೇಕು. ಒಳ್ಳೆಯ ಮಾತುಗಳೇ ಸರಿ.

ಆದರೆ ಇವೆಲ್ಲ ಬಾಡಿಗೆಗೆ ಪಡೆಯುವವನ ಎಚ್ಚರಿಕೆಗಳು. ಒಪ್ಪಂದಕ್ಕೆ ಸಹಿ ಹಾಕುವವರು ಇಬ್ಬರು: ಸಂಸ್ಥೆ ಮತ್ತು ಕಂಪೆನಿ. ಗುಂಡು ತಗಲುವ ದಾರಿಹೋಕನು ಮೂರನೆಯವನು. ಅವನ ಸಹಿಗೆ ಅಲ್ಲಿ ಸ್ಥಳವಿಲ್ಲ. 1946ರ ಒಡಂಬಡಿಕೆಯ ಪ್ರಕಾರ ವಿಶ್ವಸಂಸ್ಥೆಯನ್ನು, ಅದು ತಾನಾಗಿ ಒಪ್ಪದ ಹೊರತು, ಊರಿನ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಕಂಪೆನಿಗಳ ನಡತೆಯನ್ನು ನೋಡಿಕೊಳ್ಳಲು 2013ರಲ್ಲಿ ಹುಟ್ಟಿದ ಸಂಘವಿರುವುದು ಜಿನೀವಾದಲ್ಲಿ. ಕಾಬೂಲಿನ ತರಕಾರಿ ಮಾರುವವನು ಅಲ್ಲಿಗೆ ಯಾವ ದಾರಿಯಿಂದ ಹೋಗಬೇಕು?

ಇದು ಬರಿಯ ಕಲ್ಪನೆಯ ಭಯವಲ್ಲ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಕಂಪೆನಿಯ ಕಾವಲುಗಾರರ ಗುಂಡಿಗೆ 17 ಮಂದಿ ಇರಾಕಿ ನಾಗರಿಕರು ಬಲಿಯಾದರು. ಅವರನ್ನು ನೇಮಿಸಿದ್ದು ವಿಶ್ವಸಂಸ್ಥೆಯಲ್ಲ, ಅಮೆರಿಕದ ವಿದೇಶಾಂಗ ಇಲಾಖೆ. 2004ರ ಆಜ್ಞೆಯೊಂದು ಇಂಥ ಕಾವಲುಗಾರರನ್ನು ಇರಾಕಿನ ಕಾನೂನಿನಿಂದ ಪಾರುಮಾಡಿತ್ತು. ಅಮೆರಿಕದ ನ್ಯಾಯಾಲಯದಲ್ಲಿ ನಾಲ್ವರು ಅಪರಾಧಿಗಳೆಂದು ತೀರ್ಮಾನವಾಗುವಾಗ 2014 ಬಂದಿತ್ತು. 2020ರಲ್ಲಿ ಆ ನಾಲ್ವರಿಗೂ ಅಧ್ಯಕ್ಷರ ಕ್ಷಮಾದಾನ ದೊರೆಯಿತು. ಸ್ವಂತ ನ್ಯಾಯಾಲಯವುಳ್ಳ ರಾಷ್ಟ್ರದ ಕಥೆಯೇ ಹೀಗಾದರೆ, ಇಂಥ ಅಪರಾಧವನ್ನು ವಿಚಾರಿಸುವ ನ್ಯಾಯಾಲಯವೇ ಇಲ್ಲದ ಸಂಸ್ಥೆಯ ಬಾಗಿಲಲ್ಲಿ ನೊಂದವನ ಗತಿಯೇನು?

ನಿಯಮಗಳನ್ನು ಬಿಗಿಗೊಳಿಸಿದರೆ ಕಂಪೆನಿಗಳೇ ಬಾರವೆಂದು ಕೆಲವರು ವಾದಿಸುತ್ತಾರೆ. ಹೊಣೆಗೆ ಅಂಜುವ ಕಂಪೆನಿಯು ಬಾರದಿರುವುದೇ ಕ್ಷೇಮ.

ಆದುದರಿಂದ ಪ್ರತಿಯೊಂದು ಒಪ್ಪಂದದಲ್ಲಿಯೂ ಮೂರು ವಿಧಿಗಳು ಇರಲೇಬೇಕು. ಒಂದು, ದೂರು ಸ್ವೀಕರಿಸುವ ಕಚೇರಿ ಆ ಊರಿನಲ್ಲಿಯೇ ಇರತಕ್ಕದ್ದು. ಅದರ ಪ್ರಕಟಣೆ ಆ ಜನರ ಭಾಷೆಯಲ್ಲಿರತಕ್ಕದ್ದು. ಎರಡು, ಪರಿಹಾರದ ಹಣವನ್ನು ಕಂಪೆನಿಯು ಮುಂಚಿತವಾಗಿ ಠೇವಣಿ ಇಡತಕ್ಕದ್ದು. ಮೂರು, ಅಪರಾಧವನ್ನು ವಿಚಾರಿಸುವ ನ್ಯಾಯಾಲಯ ಯಾವುದೆಂದು ಮೊದಲೇ ಹೆಸರಿಸತಕ್ಕದ್ದು. ಅಲ್ಲಿ ಸಾಕ್ಷಿ ನುಡಿಯಲು ಸಂಸ್ಥೆಯು ತನ್ನ ನೌಕರರಿಗೆ ಅಡ್ಡಿಮಾಡಕೂಡದು.

ಓದಲಾರದ ಭಾಷೆಯಲ್ಲಿ ಬಂದ ಸರಕಾರಿ ಆಜ್ಞೆಯ ಪ್ರಯೋಜನವೆಷ್ಟೆಂಬುದನ್ನು ಗಡಿನಾಡಿನ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಹೇಳಲು ಒಂದು ಮನೆಯಾದರೂ ಇರಬೇಕು. ಆ ಮನೆಯನ್ನು ಕಟ್ಟುವುದು ಬೇಲಿ ಹಾಕಿಸಿದವನ ಕರ್ತವ್ಯ.